ಡೆಬಿಯನ್‌ನಲ್ಲಿ ಹೊಸ ಆವೃತ್ತಿ ಬರೋಕೆ ಇಷ್ಟು ತಡ ಯಾಕೆ? ಪ್ಯಾಕೇಜು ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡೋದು ಹೇಗೆ?

ಹೊಸಗದ್ದೆ

ಎಲ್ಲರಿಗೂ ನಮಸ್ಕಾರ. ಮೂರು ತಕರಾರು ಒಟ್ಟಿಗೇ ಇಡ್ತಿದ್ದೀನಿ. ಮೂರಕ್ಕೂ ಬೇರು ಒಂದೇ ಇರಬೇಕು ಅಂತ ನನ್ನ ಅನುಮಾನ.

ಒಂದು: ಮೂರು ಸರ್ವರ್, ಮೂರರಲ್ಲೂ ಡೆಬಿಯನ್ 12 ಲಿನಕ್ಸ್. ಭದ್ರತಾ ಸ್ಕ್ಯಾನರ್ ವರದಿಯಲ್ಲಿ ಕರ್ಲ್ (ನೆಟ್‌ನಿಂದ ಕಡತ ತರೋ ಸಾಧನ) 7.88.1 ಕೆಂಪು, ದೂರದಿಂದ ಲಾಗಿನ್ ಆಗೋಕೆ ಬಳಸೋ ಓಪನ್‌ಎಸ್‌ಎಸ್‌ಎಚ್ 9.2ಪಿ1 ಕೆಂಪು. ಆಡಿಟ್‌ನವರು ಕರ್ಲ್ 8.4.0 ಬೇಕು, ಎಸ್‌ಎಸ್‌ಎಚ್ 9.8 ಬೇಕು ಅಂತ ಪಟ್ಟು ಹಿಡಿದಿದ್ದಾರೆ. ಪ್ಯಾಕೇಜು ಹಾಕೋ ಸಾಧನ ಆಪ್ಟ್‌ಗೆ "ಆಪ್ಟ್ ಅಪ್‌ಗ್ರೇಡ್" ಕೊಟ್ರೆ ಎರಡು ಸರ್ವರಲ್ಲಿ ಎಲ್ಲಾ ಸೊನ್ನೆ, ಮೂರನೇದರಲ್ಲಿ ಕೊನೆಗೆ "2 ನಾಟ್ ಅಪ್‌ಗ್ರೇಡೆಡ್" ಅಂತ ಬರುತ್ತೆ. 8.4.0 ಅಂತೂ ಎಲ್ಲೂ ಕಾಣಲ್ಲ.

ಎರಡು: ಮೇಜಿನ ಮೇಲಿನ ಪಿಸಿಯಲ್ಲಿ ಡೆಬಿಯನ್ ಟೆಸ್ಟಿಂಗ್ (ಮುಂದಿನ ಬಿಡುಗಡೆಗೆ ಸಿದ್ಧವಾಗ್ತಿರೋ ಶಾಖೆ) ಇದೆ. ನನಗೆ ಬೇಕಾದ ಒಂದು ಲೈಬ್ರರಿಯ ಹೊಸ ಆವೃತ್ತಿ ಸಿಡ್‌ಗೆ (ಹೊಸದು ಮೊದಲು ಬಂದಿಳಿಯೋ ಅನ್‌ಸ್ಟೇಬಲ್ ಶಾಖೆ) ಬಂದು 23 ದಿನ ಆಯ್ತು. ಟೆಸ್ಟಿಂಗ್‌ಗೆ ಇಳಿದಿಲ್ಲ.

ಮೂರು: ಒಂದು ಉಬುಂಟು 24.04 ಯಂತ್ರ "ಡಿಫರ್ಡ್ ಡ್ಯೂ ಟು ಫೇಸಿಂಗ್" ಅಂತ ಹೇಳಿ ಸುಮ್ಮನಾಗುತ್ತೆ.

ಪ್ಯಾಕೇಜು ಎಲ್ಲಿಂದ ತರಬೇಕು ಅಂತ ಹೇಳೋ ಸೋರ್ಸಸ್ ಪಟ್ಟಿಗೆ ಸಿಡ್ ಸೇರಿಸಿಬಿಟ್ರೆ ಮೊದಲೆರಡು ಬಗೆಹರಿಯುತ್ತಾ?

ಮಲೆನಾಡು64

ಸರ್ವರ್‌ಗೆ ಸಿಡ್ ಸೇರಿಸಬೇಡಿ. ಮೊದಲು ಇಷ್ಟು ಕೇಳಿ, ಉಳಿದದ್ದು ಆಮೇಲೆ. ಕರ್ಲ್ ಒಂದಕ್ಕೆ ಅಂತ ಸಿಡ್ ತೆರೆದರೆ ಅದರ ಹಿಂದೆ ಹೊಸ ಗ್ಲಿಬ್‌ಸಿ (ಹೆಚ್ಚುಕಮ್ಮಿ ಎಲ್ಲಾ ಪ್ರೋಗ್ರಾಮುಗಳೂ ನಂಬಿರೋ ಸಿ ಲೈಬ್ರರಿ) ಬರುತ್ತೆ. ಗ್ಲಿಬ್‌ಸಿ ಒಮ್ಮೆ ಮೇಲೆ ಹೋದ್ರೆ ಕೆಳಗಿಳಿಸೋ ದಾರಿ ಇಲ್ಲ.

ಟರ್ಮಿನಲ್_ಮಾವ

ಹೊಸಗದ್ದೆಯವರೇ, ನಿಮ್ಮ ಮೂರು ತಕರಾರಿಗೆ ಬೇರು ಒಂದಲ್ಲ, ಮೂರು. ಒಂದನೇದರಲ್ಲಿ ತಡವೇ ಆಗಿಲ್ಲ. ಎರಡನೇದರಲ್ಲಿ ಯಾವುದೋ ಬಾಗಿಲು ಮುಚ್ಚಿದೆ. ಮೂರನೇದರಲ್ಲಿ ಬೇಕು ಅಂತಲೇ ತಡ ಮಾಡ್ತಿದ್ದಾರೆ.

ಸ್ಕ್ಯಾನರ್ ವಿಷಯ ಮೊದಲು. ಕರ್ಲ್‌ನ ಆ ದೊಡ್ಡ ತೂತು ಸಿವಿಇ-2023-38545 (ಸಿವಿಇ ಅಂದ್ರೆ ಭದ್ರತಾ ದೋಷಕ್ಕೆ ಕೊಡೋ ಗುರುತಿನ ಸಂಖ್ಯೆ). ಸಾಕ್ಸ್5 ಪ್ರಾಕ್ಸಿಗೆ ಹೋಗುವಾಗ ಉದ್ದದ ಹೋಸ್ಟ್ ಹೆಸರು ಕೊಟ್ಟರೆ ಹೀಪ್ ಮೆಮೊರಿ ಉಕ್ಕಿ ಹರಿಯೋದು. ಮೂಲ ಯೋಜನೆಯವರು 2023ರ ಅಕ್ಟೋಬರ್ 11ಕ್ಕೆ 8.4.0 ಬಿಟ್ಟು ಸರಿಮಾಡಿದರು. ಡೆಬಿಯನ್ ಸ್ಟೇಬಲ್‌ನಲ್ಲಿ, ಅಂದ್ರೆ ಬಿಡುಗಡೆಯಾದ ಶಾಖೆಯಲ್ಲಿ, ಆವೃತ್ತಿ ಏರಿಸೋ ಪದ್ಧತಿ ಇಲ್ಲ. ಆ ತಿದ್ದುಪಡಿಯ ಪ್ಯಾಚ್ ಮಾತ್ರ ಕಿತ್ತು ತಂದು 7.88.1ಕ್ಕೆ ಹೊಲಿದರು. ಹಾಗಾಗಿ ತಿದ್ದಿದ ಪ್ಯಾಕೇಜಿನ ಹೆಸರು 7.88.1-10+ಡೆಬ್12ಯು4.

ಈ ಸಂಖ್ಯೆಯನ್ನ ಬಿಡಿಸಿ ಓದಿ. 7.88.1 ಅನ್ನೋದು ಮೂಲ ಆವೃತ್ತಿ. -10 ಅಂದ್ರೆ ಡೆಬಿಯನ್‌ನವರು ಅದನ್ನ ಹತ್ತನೇ ಸಲ ಕಟ್ಟಿದ್ದು. ಡೆಬ್12 ಅಂದ್ರೆ ಡೆಬಿಯನ್ 12ಕ್ಕೆ ಅಂತಲೇ ಮಾಡಿದ್ದು. ಯು4 ಅಂದ್ರೆ ಬಿಡುಗಡೆ ಆದಮೇಲೆ ಬಂದ ನಾಲ್ಕನೇ ತಿದ್ದುಪಡಿ. ನಿಮ್ಮ ಸ್ಕ್ಯಾನರ್ ಪ್ಲಸ್ ಗುರುತಿನಿಂದ ಮುಂದಿರೋದನ್ನ ಓದಿಲ್ಲ. 7.88.1 ನೋಡಿತು, 8.4.0ಕ್ಕಿಂತ ಕಡಿಮೆ ಅಂತು, ಕೆಂಪು ಬಳಿಯಿತು.

ಖಾತ್ರಿ ಮಾಡ್ಕೊಳ್ಳೋಕೆ "ಆಪ್ಟ್ ಚೇಂಜ್‌ಲಾಗ್ ಕರ್ಲ್" ಕೊಟ್ಟು ಅದರಲ್ಲಿ 38545 ಹುಡುಕಿ. ನೆಟ್ ಇಲ್ಲದ ಯಂತ್ರ ಆದ್ರೆ ಯುಎಸ್‌ಆರ್ ಶೇರ್ ಡಾಕ್ ಒಳಗೆ ಕರ್ಲ್ ಫೋಲ್ಡರಲ್ಲಿ ಚೇಂಜ್‌ಲಾಗ್ ಡಾಟ್ ಡೆಬಿಯನ್ ಅನ್ನೋ ಕಡತ ಗಂಟು ಕಟ್ಟಿ ಇಟ್ಟಿರುತ್ತೆ, ಝಡ್‌ಗ್ರೆಪ್‌ನಿಂದ ಓದಬಹುದು. ಡೆಬಿಯನ್ ಸೆಕ್ಯುರಿಟಿ ಟ್ರ್ಯಾಕರಲ್ಲಿ ಸಿವಿಇ ಸಂಖ್ಯೆ ಹಾಕಿದ್ರೆ ಯಾವ ಬಿಡುಗಡೆಗೆ ಯಾವ ಸಂಖ್ಯೆಯಲ್ಲಿ ಸರಿಹೋಗಿದೆ ಅಂತ ಕೋಷ್ಟಕವೇ ಬರುತ್ತೆ. ಆಡಿಟ್‌ಗೆ ಆ ಪುಟದ ಪ್ರತಿ ಕೊಡಿ. ಸ್ಕ್ಯಾನರ್‌ನ ಸೆಟ್ಟಿಂಗಲ್ಲಿ ಡೆಬಿಯನ್ ಹೊರಡಿಸೋ ಓವಲ್ ಮಾಹಿತಿ (ಯಾವ ಪ್ಯಾಕೇಜು ಸಂಖ್ಯೆಯಲ್ಲಿ ಯಾವ ದೋಷ ಸರಿಹೋಗಿದೆ ಅಂತ ಸ್ಕ್ಯಾನರ್ ಓದೋ ಪಟ್ಟಿ) ಬಳಸೋ ಆಯ್ಕೆ ಇದ್ಯಾ ನೋಡಿ. ಇದ್ದರೆ ಅರ್ಧ ಕೆಂಪು ಆಗಲೇ ಅಳಿಸಿ ಹೋಗುತ್ತೆ.

ಕಡಲತಡಿ

ಮಾವ ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಕರ್ಲ್ ಅನ್ನೋ ಪ್ಯಾಕೇಜು ಬರೀ ಆಜ್ಞೆ ಮಾತ್ರ. ತೂತು ಇದ್ದದ್ದು ಲಿಬ್‌ಕರ್ಲ್4 ಒಳಗೆ. ಅದರ ಪಕ್ಕದಲ್ಲೇ ಲಿಬ್‌ಕರ್ಲ್3-ಗ್ನುಟಿಎಲ್‌ಎಸ್ ಅಂತ ಇನ್ನೊಂದಿದೆ, ಗಿಟ್ ಬಳಸೋದು ಅದನ್ನ. ಮೂರನ್ನೂ "ಡಿಪಿಕೆಜಿ ಹೈಫನ್ ಎಲ್" ಹಾಕಿ ನೋಡಿ, ಮೂರರಲ್ಲೂ ಬಾಲದ ಸಂಖ್ಯೆ ಒಂದೇ ಇರಬೇಕು.

ಲೈಬ್ರರಿ ಡಿಸ್ಕಲ್ಲಿ ಹೊಸದಾದ್ರೂ ಓಡ್ತಾ ಇರೋ ಸರ್ವಿಸ್ ಹಳೇದನ್ನೇ ಮೆಮೊರಿಯಲ್ಲಿ ಹಿಡ್ಕೊಂಡಿರುತ್ತೆ. ನೀಡ್‌ರೀಸ್ಟಾರ್ಟ್ ಹಾಕ್ಕೊಳ್ಳಿ, ಯಾವ ಸರ್ವಿಸ್ ಎಬ್ಬಿಸಬೇಕು ಅಂತ ಅದೇ ಹೇಳುತ್ತೆ.

ಹೊಸಗದ್ದೆ

ಓಪನ್‌ಎಸ್‌ಎಸ್‌ಎಚ್ ಕಥೆ?

ಟರ್ಮಿನಲ್_ಮಾವ

ಅದೂ ಅದೇ ದಾರಿ. 2024ರ ಜುಲೈ 1ಕ್ಕೆ ಹೊರಬಿದ್ದ ಸಿವಿಇ-2024-6387, ರೆಗ್ರೆಶನ್ ಅಂತ ಹೆಸರಾದದ್ದು. ಡೆಬಿಯನ್ 12ಕ್ಕೆ ತಿದ್ದುಪಡಿ ಬಂದದ್ದು 1:9.2ಪಿ1-2+ಡೆಬ್12ಯು3ರಲ್ಲಿ. ನಿಮ್ಮಲ್ಲಿ ಯು3 ಅಥವಾ ಅದರ ಮುಂದಿನದು ಇದ್ರೆ ಮುಗೀತು.

ಇದರಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. 2006ರಲ್ಲೇ ಸರಿಮಾಡಿದ್ದ ದೋಷ 8.5ಪಿ1ರಲ್ಲಿ ಮತ್ತೆ ಒಳಗೆ ಬಂತು. ಆಗ ಡೆಬಿಯನ್ 11ರಲ್ಲಿ ಇದ್ದದ್ದು 8.4ಪಿ1. ಅಂದ್ರೆ ಎಲ್ಲರೂ ಹಳತು ಅಂತಿದ್ದ ಡೆಬಿಯನ್ 11ಕ್ಕೆ ಈ ದೋಷ ತಟ್ಟಲೇ ಇಲ್ಲ.

ಪುಟ್ಟಣ್ಣನ_ಅಂಗಡಿ

ಮೊದಲಿಗೆ ಇರೋ 1: ಏನು? ಅದು ಯಾವ ಆವೃತ್ತಿ?

ಕಡಲತಡಿ

ಅದು ಎಪಾಕ್. ಯಾವತ್ತೋ ಸಂಖ್ಯೆ ಹಾಕೋ ಕ್ರಮ ಬದಲಾದಾಗ ಹೊಸದು ಹಳೇದಕ್ಕಿಂತ ಚಿಕ್ಕದಾಗಿ ಕಾಣದಿರಲಿ ಅಂತ ಹಾಕ್ತಾರೆ. ಒಮ್ಮೆ ಹಾಕಿದ್ರೆ ತೆಗೆಯೋ ಹಾಗಿಲ್ಲ. ಹೋಲಿಸುವಾಗ ಮೊದಲು ನೋಡೋದು ಅದನ್ನೇ.

ರೋಲಿಂಗ್_ರಂಗ

ಇಷ್ಟೆಲ್ಲಾ ಸರ್ಕಸ್ ಯಾಕೆ? ಮೂಲ ಯೋಜನೆಯವರು ಸರಿಮಾಡಿದ ಆವೃತ್ತಿ ಕೊಟ್ಟಾಗ ಅದನ್ನೇ ಕೊಡಬಹುದಲ್ಲ. ಪ್ಯಾಚ್ ಕಿತ್ತು ಹೊಲಿಯೋದು ಅಂದ್ರೆ ಆ ಕೋಡ್ ಬರೆದವರಲ್ಲದ ಯಾರೋ ಕೈಯಾಡಿಸಿದ ಹಾಗೆ. ಇನ್ನೊಂದು ಯಾರೂ ಹೇಳ್ತಿಲ್ಲ: ಎಲ್ಲಾ ಸಿವಿಇಗೂ ಸ್ಟೇಬಲ್‌ಗೆ ತಕ್ಷಣ ತಿದ್ದುಪಡಿ ಬರಲ್ಲ. ಟ್ರ್ಯಾಕರಲ್ಲಿ "ನೋ ಡಿಎಸ್‌ಎ, ಮೈನರ್ ಇಶ್ಯೂ" (ಸಣ್ಣ ದೋಷ, ಪ್ರತ್ಯೇಕ ಭದ್ರತಾ ಪ್ರಕಟಣೆ ಇಲ್ಲ) ಅಂತ ಬರೆದು ಇಟ್ಟಿರೋದು ಎಷ್ಟಿಲ್ಲ! ಅವೆಲ್ಲ ಮುಂದಿನ ಪಾಯಿಂಟ್ ರಿಲೀಸ್ (ತಿದ್ದುಪಡಿಗಳನ್ನ ಒಟ್ಟು ಮಾಡಿ ಬಿಡೋದು) ತನಕ ಕಾಯ್ತವೆ, ಕೆಲವು ಆಗಲೂ ಬರಲ್ಲ.

ಮಲೆನಾಡು64

ಕೊನೆಯ ಮಾತು ನಿಜ, ಒಪ್ಪಿದೆ. ಸೆಕ್ಯುರಿಟಿ ತಂಡ ಸಣ್ಣದು ಅಂತ ತೀರ್ಮಾನಿಸಿದ್ದು ಸುಮಾರು ಎರಡು ತಿಂಗಳಿಗೊಮ್ಮೆ ಬರೋ ಪಾಯಿಂಟ್ ರಿಲೀಸ್‌ಗೆ ಹೋಗುತ್ತೆ. ನಿಮ್ಮ ಸರ್ವರ್‌ಗೆ ಅದು ಸಣ್ಣದಲ್ಲ ಅನ್ನಿಸಿದ್ರೆ ಕಾಯದೆ ಬೇರೆ ದಾರಿ ನೋಡ್ಕೋಬೇಕು. ಡೆಬ್‌ಸೆಕ್ಯಾನ್ ಹಾಕಿ "ಸೂಟ್ ಬುಕ್‌ವರ್ಮ್" (ಬುಕ್‌ವರ್ಮ್ ಅಂದ್ರೆ ಡೆಬಿಯನ್ 12ರ ಹೆಸರು) ಅಂತ ಕೊಟ್ಟು ಓಡಿಸಿದ್ರೆ ನಿಮ್ಮ ಯಂತ್ರದಲ್ಲಿ ಇನ್ನೂ ತೆರೆದಿರೋ ಸಿವಿಇಗಳ ಪಟ್ಟಿ ಬರುತ್ತೆ. "ಓನ್ಲಿ ಫಿಕ್ಸ್ಡ್" ಆಯ್ಕೆ ಸೇರಿಸಿದ್ರೆ, ತಿದ್ದುಪಡಿ ಬಂದಿದ್ದೂ ನೀವು ಹಾಕಿಕೊಳ್ಳದ್ದು ಮಾತ್ರ ತೋರಿಸುತ್ತೆ. ದಿನಾ ನೋಡಬೇಕಾದ್ದು ಆ ಎರಡನೇ ಪಟ್ಟಿ.

ಮೊದಲ ಮಾತು ಒಪ್ಪಲ್ಲ. ಆವೃತ್ತಿ ಏರಿಸಿದ್ರೆ ತಿದ್ದುಪಡಿ ಒಂದೇ ಬರಲ್ಲ. 7.88ರಿಂದ 8.4ಕ್ಕೆ ಹೋಗೋ ದಾರಿಯಲ್ಲಿ ಆದ ವರ್ತನೆಯ ಬದಲಾವಣೆಗಳೆಲ್ಲ ಬರ್ತವೆ. ಲಿಬ್‌ಕರ್ಲ್ ನಂಬಿರೋ ಪ್ರೋಗ್ರಾಮುಗಳನ್ನೆಲ್ಲ ಮತ್ತೆ ಪರೀಕ್ಷೆ ಮಾಡೋದು ಯಾರು? ಪ್ಯಾಚ್ ಕಿತ್ತು ತರೋದು ಅಸಾಧ್ಯ ಅನ್ನೋ ಕಡೆ ಡೆಬಿಯನ್ನೂ ಹಠ ಮಾಡಲ್ಲ. ಫೈರ್‌ಫಾಕ್ಸ್ ಇಎಸ್‌ಆರ್, ಕ್ರೋಮಿಯಂ ಸ್ಟೇಬಲ್‌ನಲ್ಲೂ ಹೊಸ ಆವೃತ್ತಿಯಾಗೇ ಬರ್ತವೆ.

ರೋಲಿಂಗ್_ರಂಗ

ಆರ್ಚ್ ಲಿನಕ್ಸ್‌ನಲ್ಲಿ ಎಲ್ಲವೂ ಹಾಗೇ ಬರುತ್ತೆ, ಜನ ಬದುಕಿದ್ದಾರೆ.

ಧಾರವಾಡದ_ಮಂದಿ

ಆರ್ಚ್‌ನ್ಯಾಗೂ ಕೋರ್ ಪ್ಯಾಕೇಜು ಮೊದಲು ಟೆಸ್ಟಿಂಗ್ ರಿಪೊಕ್ಕ ಹೋಗಿ ಆಮ್ಯಾಲೆ ಇಳೀತಾವ್ರಿ. ಅಲ್ಲಿ ಆಪ್ಟ್ ಬದಲು ಇರೋ ಪ್ಯಾಕ್‌ಮನ್‌ಗ "ಎಸ್‌ವೈ" ಕೊಟ್ಟು ಒಂದ ಪ್ಯಾಕೇಜು ಮ್ಯಾಲೆತ್ತಿದ್ರ ಅದಕ್ಕ ಅವರ ಬೆಂಬಲ ಇಲ್ಲ. ಎತ್ತಿದ್ರ ಎಲ್ಲಾ ಒಮ್ಮೆ ಎತ್ತಬೇಕು. ಓಪನ್‌ಸುಸೆ ಟಂಬಲ್‌ವೀಡ್ ಓಪನ್‌ಕ್ಯುಎ ಪರೀಕ್ಷಾ ಪಾಸಾಗೋ ತನಕ ಸ್ನ್ಯಾಪ್‌ಶಾಟ್ ಬಿಡಂಗಿಲ್ಲ. ಫೆಡೋರಾದಾಗ ಬೋಧಿ ಒಳಗ ಮಂದಿ ಕರ್ಮ ಅಂಕಾ ಕೊಡಬೇಕು, ಇಲ್ಲಂದ್ರ ದಿನಾ ಎಣಿಸಬೇಕು. ಕಾಯೋದು ಎಲ್ಲಾ ಕಡೆ ಐತ್ರಿ, ಕಾಯೋ ಜಾಗಾ ಬ್ಯಾರೆ ಅಷ್ಟ.

ಕಟ್ಟೆಯವಳು

ಎರಡನೇ ಪ್ರಶ್ನೆಗೆ ಯಾರೂ ಕೈಹಾಕಿಲ್ಲ, ನಾನು ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ.

ಸಿಡ್‌ನಿಂದ ಟೆಸ್ಟಿಂಗ್‌ಗೆ ಪ್ಯಾಕೇಜನ್ನ ಮನುಷ್ಯರು ಎತ್ತಿ ಇಡಲ್ಲ. ಬ್ರಿಟ್ನಿ ಅನ್ನೋ ಪ್ರೋಗ್ರಾಮು ಲೆಕ್ಕ ಹಾಕಿ ಬಿಡುತ್ತೆ. ಬಿಡದಿದ್ರೆ ಯಾಕೆ ಬಿಡಲಿಲ್ಲ ಅಂತ ಕಾರಣ ಬರೆದಿಡುತ್ತೆ, ಅದಕ್ಕೆ ಎಕ್ಸ್‌ಕ್ಯೂಸಸ್ ಅಂತಲೇ ಹೆಸರು. ಡೆವ್‌ಸ್ಕ್ರಿಪ್ಟ್ಸ್ ಪ್ಯಾಕೇಜು ಹಾಕ್ಕೊಂಡು "ಗ್ರೆಪ್-ಎಕ್ಸ್‌ಕ್ಯೂಸಸ್" ಮುಂದೆ ಸೋರ್ಸ್ ಪ್ಯಾಕೇಜಿನ ಹೆಸರು ಕೊಡಿ. ಬೈನರಿ ಹೆಸರು ಕೊಟ್ರೆ ಸಿಗದೇ ಇರಬಹುದು, "ಆಪ್ಟ್ ಶೋ" ಕೊಟ್ಟಾಗ ಸೋರ್ಸ್ ಅನ್ನೋ ಸಾಲಲ್ಲಿ ಇರೋದನ್ನ ಕೊಡಬೇಕು. ಪ್ಯಾಕೇಜ್ ಟ್ರ್ಯಾಕರ್ ಪುಟದಲ್ಲೂ ಅದೇ ಸಾಲುಗಳು ಕಾಣ್ತವೆ.

"ಟೂ ಯಂಗ್, ಓನ್ಲಿ 3 ಆಫ್ 5 ಡೇಸ್ ಓಲ್ಡ್" ಅಂತಿದ್ರೆ ಸುಮ್ಮನೆ ಕಾಯಿರಿ. ಅರ್ಜೆನ್ಸಿ ಲೋ ಇದ್ರೆ 10 ದಿನ, ಮೀಡಿಯಂ ಇದ್ರೆ 5, ಹೈ ಇದ್ರೆ 2.

"ಮಿಸ್ಸಿಂಗ್ ಬಿಲ್ಡ್ ಆನ್ ಎಸ್390ಎಕ್ಸ್" ಅಂತಿದ್ರೆ ಆ ಆರ್ಕಿಟೆಕ್ಚರಲ್ಲಿ ಕಟ್ಟೋಕೆ ಆಗಿಲ್ಲ. ನಿಮ್ಮ ಪಿಸಿ ಎಎಮ್‌ಡಿ64 ಆದ್ರೂ ಮೊದಲು ಕಟ್ಟಿದ್ದ ಎಲ್ಲಾ ಬಿಡುಗಡೆ ಆರ್ಕಿಟೆಕ್ಚರಲ್ಲೂ ಆಗೋ ತನಕ ಯಾರಿಗೂ ಇಳಿಯಲ್ಲ. ಎಸ್390ಎಕ್ಸ್ ಮೇನ್‌ಫ್ರೇಮಿನದು, ಬಿಗ್ ಎಂಡಿಯನ್. ಬೈಟುಗಳ ಕ್ರಮ ತಿರುವುಮುರುವು ಇರೋದ್ರಿಂದ ಬೇರೆ ಕಡೆ ಅಡಗಿದ್ದ ತಪ್ಪು ಅಲ್ಲಿ ಹೊರಗೆ ಬರುತ್ತೆ.

"ಆಟೋಪಿಕೆಜಿಟೆಸ್ಟ್... ರಿಗ್ರೆಶನ್" (ಪ್ಯಾಕೇಜಿನ ತಾನಾಗಿ ನಡೆಯೋ ಪರೀಕ್ಷೆ ಮೊದಲು ಪಾಸಾಗ್ತಿತ್ತು, ಈಗ ಬಿದ್ದಿದೆ) ಅಂತಿದ್ರೆ ಅದರ ಎಡಕ್ಕೆ ಇರೋ ಹೆಸರು ಓದಿ. ಅದು ನಿಮ್ಮ ಪ್ಯಾಕೇಜಿನ ಹೆಸರೇ ಆಗಿರಬೇಕು ಅಂತಿಲ್ಲ. ಲೈಬ್ರರಿಯ ಹೊಸ ಆವೃತ್ತಿಯಿಂದ ಅದನ್ನ ನಂಬಿದ ಇನ್ಯಾವುದೋ ಪ್ಯಾಕೇಜಿನ ಪರೀಕ್ಷೆ ಬಿದ್ರೂ ಲೈಬ್ರರಿಯೇ ಹೊರಗೆ ನಿಲ್ಲುತ್ತೆ. ಹೆಚ್ಚಿನ ಸಲ ಸಿಕ್ಕಿಕೊಳ್ಳೋದು ಇಲ್ಲೇ. ಲೈಬ್ರರಿಯ ಪ್ಯಾಕೇಜು ನೋಡ್ಕೊಳ್ಳೋ ಮೇಂಟೇನರ್‌ಗೆ ಎಷ್ಟು ಬೈದ್ರೂ ಉಪಯೋಗ ಇಲ್ಲ, ಸರಿಯಾಗಬೇಕಾದ್ದು ಆ ಇನ್ನೊಂದು. ಟೆಸ್ಟಿಂಗಲ್ಲಿ ಮೊದಲೇ ಬೀಳ್ತಿದ್ದ ಪರೀಕ್ಷೆ ಆದ್ರೆ ಅದನ್ನ ರಿಗ್ರೆಶನ್ ಅನ್ನಲ್ಲ, ತಡೆಯೂ ಇಲ್ಲ.

"ನಾಟ್ ಬಿಲ್ಟ್ ಆನ್ ಬಿಲ್ಡ್‌ಡಿ" (ಡೆಬಿಯನ್‌ನ ಕಟ್ಟೋ ಯಂತ್ರದಲ್ಲಿ ಕಟ್ಟಿದ್ದಲ್ಲ) ಅಂತಿದ್ರೆ ಅದು ಬರೀ ಕೆಲಸದ ಕ್ರಮದ ತೊಡಕು. ಹೊಸ ಬೈನರಿ ಹೆಸರು ಇದ್ರೆ ಪ್ಯಾಕೇಜು ನ್ಯೂ ಸರದಿಯಲ್ಲಿ ನಿಲ್ಲಬೇಕು, ಅಲ್ಲಿ ಆರ್ಕೈವ್ ನೋಡ್ಕೊಳ್ಳೋ ಎಫ್‌ಟಿಪಿ ಮಾಸ್ಟರ್‌ಗಳು ಲೈಸೆನ್ಸು, ಕಾಪಿರೈಟ್ ಕಡತ ನೋಡ್ತಾರೆ. ಅಲ್ಲಿಗೆ ಬೈನರಿ ಸಮೇತ ಹಾಕಬೇಕು. ಆದ್ರೆ 2019ರಿಂದ ಮೇಂಟೇನರ್ ತನ್ನ ಯಂತ್ರದಲ್ಲಿ ಕಟ್ಟಿದ ಬೈನರಿ ಟೆಸ್ಟಿಂಗ್‌ಗೆ ಹೋಗೋ ಹಾಗಿಲ್ಲ. ಹಾಗಾಗಿ ನ್ಯೂ ದಾಟಿದ ಮೇಲೆ ಇನ್ನೊಮ್ಮೆ ಬರೀ ಸೋರ್ಸ್ ಹಾಕಬೇಕು. ಆ ಎರಡನೇ ಹಾಕುವಿಕೆ ಮರೆತು ವಾರಗಟ್ಟಲೆ ನಿಂತ ಪ್ಯಾಕೇಜು ಸಿಕ್ಕಾಪಟ್ಟೆ. ಸೌಜನ್ಯದಿಂದ ಒಂದು ಬಗ್ ಬರೆದು ನೆನಪಿಸಿದ್ರೆ ಅವತ್ತೇ ಮುಗಿಯೋ ಕೆಲಸ.

ಮಲೆನಾಡು64

ಚೆನ್ನಾಗಿ ಬರೆದಿದ್ದೀರಿ ಅಕ್ಕ. ದಿನದ ಲೆಕ್ಕಕ್ಕೆ ಸಣ್ಣ ತಿದ್ದುಪಡಿ: ಪ್ಯಾಕೇಜಿಗೆ ತನ್ನದೇ ಆಟೋಪಿಕೆಜಿಟೆಸ್ಟ್ ಇದ್ದು ಪಾಸಾದ್ರೆ ಕಾಯೋ ದಿನ ಕಡಿಮೆಯಾಗುತ್ತೆ, 5ರ ಬದಲು 2 ದಿನಕ್ಕೇ ಇಳಿಯಬಹುದು. ಹಾಗಾಗಿ ಪರೀಕ್ಷೆ ಬರೆದುಕೊಟ್ಟವರು ಬೇಗ ಬರೋಕೂ ಸಹಾಯ ಮಾಡಿದ ಹಾಗೇ.

ಕ್ರಿಟಿಕಲ್, ಗ್ರೇವ್, ಸೀರಿಯಸ್ ಮಟ್ಟದ ಹೊಸ ಬಗ್ ಇದ್ರೂ ಇಳಿಯಲ್ಲ. ಅಂಥ ಬಗ್ ಹಾಗೇ ಬಿದ್ದಿದ್ರೆ ಟೆಸ್ಟಿಂಗಲ್ಲಿ ಇರೋ ಪ್ಯಾಕೇಜನ್ನೂ ತೆಗೆದುಹಾಕ್ತಾರೆ. 30 ದಿನ ದಾಟಿಯೂ ಸಿಡ್, ಟೆಸ್ಟಿಂಗ್ ಬೇರೆಬೇರೆಯಾಗೇ ಉಳಿದ್ರೆ ರಿಲೀಸ್ ತಂಡ ಅದನ್ನೇ ದೋಷ ಅಂತ ಪರಿಗಣಿಸುತ್ತೆ. ನಿಮ್ಮದು 23ನೇ ದಿನ ಅಲ್ವಾ, ಇನ್ನೊಂದು ವಾರದಲ್ಲಿ ಯಾರಾದ್ರೂ ಗಮನಿಸ್ತಾರೆ.

ಅಕ್ಷರಪ್ರಿಯೆ

ಬಿಡುಗಡೆಗೆ ಮುಂಚೆ ಬದಲಾವಣೆ ನಿಲ್ಲಿಸೋ ಫ್ರೀಜ್ ಕಾಲದಲ್ಲಿ ಈ ಲೆಕ್ಕ ನಡೆಯಲ್ಲ ಅಲ್ವಾ?

ಮಲೆನಾಡು64

ನಡೆಯಲ್ಲ. ಡೆಬಿಯನ್ 13ಕ್ಕೆ 2025ರ ಮಾರ್ಚ್ 15ಕ್ಕೆ ಟ್ರಾನ್ಸಿಶನ್ (ಒಂದು ಲೈಬ್ರರಿ ಬದಲಾದಾಗ ಅದನ್ನ ನಂಬಿದ್ದನ್ನೆಲ್ಲ ಒಟ್ಟಿಗೆ ಬದಲಿಸೋದು) ನಿಂತವು, ಏಪ್ರಿಲ್ 15ಕ್ಕೆ ಸಾಫ್ಟ್ ಫ್ರೀಜ್, ಮೇ 15ಕ್ಕೆ ಹಾರ್ಡ್, ಜುಲೈ 27ಕ್ಕೆ ಪೂರ್ತಿ ಫ್ರೀಜ್, ಆಗಸ್ಟ್ 9ಕ್ಕೆ ಬಿಡುಗಡೆ. ಪೂರ್ತಿ ಫ್ರೀಜ್ ಆದಮೇಲೆ ಪ್ರತಿಯೊಂದಕ್ಕೂ ಅನ್‌ಬ್ಲಾಕ್ ಅರ್ಜಿ ಹಾಕಿ, ಡಿಫ್ ತೋರಿಸಿ, ರಿಲೀಸ್ ತಂಡದವರು ಓದಿ ಒಪ್ಪಬೇಕು. ಆ ತಿಂಗಳುಗಳಲ್ಲಿ "ಹೊಸ ಆವೃತ್ತಿ ಎಲ್ಲಿ" ಅಂತ ಬಗ್ ಬರೆದ್ರೆ ಅವರ ಸಮಯ ತಿಂದ ಹಾಗೆ.

ಇನ್ನೊಂದು, ಹೊಸಗದ್ದೆಯವರೇ: ಈಗ 12 ಓಲ್ಡ್‌ಸ್ಟೇಬಲ್, ಅಂದ್ರೆ ಹಿಂದಿನ ಬಿಡುಗಡೆ. ನಿಮ್ಮ ಸೋರ್ಸಸ್ ಕಡತದಲ್ಲಿ "ಬುಕ್‌ವರ್ಮ್" ಅಂತ ಇದೆಯಾ "ಸ್ಟೇಬಲ್" ಅಂತ ಇದೆಯಾ ನೋಡಿ. ಸ್ಟೇಬಲ್ ಅಂತಿದ್ರೆ ಒಂದು ದಿನ ಅರಿವಿಲ್ಲದೆ 13ಕ್ಕೆ ಜಿಗಿಯುತ್ತೆ.

ಹೊಸಗದ್ದೆ

ಬುಕ್‌ವರ್ಮ್ ಅಂತಲೇ ಇದೆ. ಎಕ್ಸ್‌ಕ್ಯೂಸಸ್ ಇವತ್ತು ರಾತ್ರಿ ನೋಡ್ತೀನಿ.

ರೋಲಿಂಗ್_ರಂಗ

ಇಷ್ಟು ಬಾಗಿಲು ಇಟ್ಟೂ ಎಕ್ಸ್‌ಝಡ್ (ಕಡತ ಕುಗ್ಗಿಸೋ ಸಾಧನ) ಒಳಗೆ ಯಾರೋ ಕದ್ದು ಇಟ್ಟ ಹಿಂಬಾಗಿಲು ಟೆಸ್ಟಿಂಗ್ ಒಳಗೆ ಬಂತಲ್ಲ?

ಟರ್ಮಿನಲ್_ಮಾವ

ಬಂತು, ಮುಚ್ಚಿಡೋ ಮಾತೇ ಇಲ್ಲ. 5.6.0 ಬಿಟ್ಟದ್ದು 2024ರ ಫೆಬ್ರವರಿ 24, 5.6.1 ಮಾರ್ಚ್ 9. ಎರಡರಲ್ಲೂ ಹಿಂಬಾಗಿಲು. ಡೆಬಿಯನ್ ಸಿಡ್‌ಗೂ ಬಂತು, ಟೆಸ್ಟಿಂಗ್‌ಗೂ ಇಳಿಯಿತು. ಸ್ಟೇಬಲ್‌ನಲ್ಲಿ ಇದ್ದದ್ದು 5.4.1, ಅದು ಪಾರು. ಮಾರ್ಚ್ 29ಕ್ಕೆ ಹೊರಬಿದ್ದಾಗ ಹಳೇ ಕೋಡನ್ನೇ ಹೊಸ ಸಂಖ್ಯೆ ಕೊಟ್ಟು ಹಾಕಿದರು: 5.6.1+ರಿಯಲಿ5.4.5-1. ಆಪ್ಟ್ ತಾನಾಗಿ ಸಂಖ್ಯೆ ಇಳಿಸಲ್ಲ, ಅದಕ್ಕೇ ಈ "ರಿಯಲಿ" ತಂತ್ರ.

ತಡ ಮಾಡಿದ್ದಕ್ಕೇ ಸ್ಟೇಬಲ್ ಉಳಿಯಿತು ಅನ್ನೋದು ಇದರಿಂದ ಸ್ಪಷ್ಟ.

ಕಟ್ಟೆಯವಳು

ಮಾವ, ಅರ್ಧ ಒಪ್ಪಿದೆ. ಐದು ದಿನದ ಕಾಯುವಿಕೆ ಹಿಂಬಾಗಿಲನ್ನ ಹಿಡಿಯಲಿಲ್ಲ, ಆಟೋಪಿಕೆಜಿಟೆಸ್ಟ್ ಹಿಡಿಯಲಿಲ್ಲ. ಹಿಡಿದದ್ದು ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಡೆವಲಪರ್. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ನಿಧಾನ ಆಗಿದೆ, ಸಿಪಿಯು ಜಾಸ್ತಿ ತಿಂತಿದೆ ಅಂತ ಬೆನ್ನು ಹತ್ತಿದ್ರು. ಅವರು ನೋಡ್ತಿದ್ದದ್ದು ಡೆಬಿಯನ್ ಸಿಡ್ ಯಂತ್ರದಲ್ಲಿ. ಸಿಡ್ ಓಡಿಸೋರು ಯಾರೂ ಇಲ್ಲದೆ ಎಲ್ಲರೂ ಸ್ಟೇಬಲ್‌ನಲ್ಲೇ ಕೂತಿದ್ರೆ ಆ ಕೋಡು ಮುಂದಿನ ಬಿಡುಗಡೆ ತನಕ ಕಾದು ಸ್ಟೇಬಲ್‌ಗೇ ಬರ್ತಿತ್ತು. ತಡ ಮಾಡೋದು ಫಲ ಕೊಡಬೇಕಂದ್ರೆ ಮುಂದೆ ನಿಂತು ಹೊಸದನ್ನ ಬಳಸೋರು, ಬಳಸಿ ಕಂಡದ್ದನ್ನ ಬಗ್ ಅಂತ ಬರೆಯೋರು ಬೇಕು. ರಂಗ ಅವರ ಥರದವರು ನಮಗೆ ಬೇಕೇ ಬೇಕು.

ರೋಲಿಂಗ್_ರಂಗ

ಇದನ್ನ ಒಪ್ಪಿದೆ.

ಕಡಲತಡಿ

ಉಬುಂಟು ಫೇಸಿಂಗ್ (ಹಂತಹಂತವಾಗಿ ಕೊಡೋದು) ಹಿಂದಿರೋದೂ ಇದೇ ಲೆಕ್ಕ. ಅಪ್‌ಡೇಟ್ಸ್ ಪಾಕೆಟ್‌ಗೆ (ಸಾಮಾನ್ಯ ತಿದ್ದುಪಡಿ ಬರೋ ವಿಭಾಗ) ಬಂದ ಪ್ಯಾಕೇಜು ಮೊದಲು 10% ಯಂತ್ರಗಳಿಗೆ, ಆಮೇಲೆ ಆರು ಗಂಟೆಗೊಮ್ಮೆ ಇನ್ನೊಂದು 10%. ಎಲ್ಲೂ ತಕರಾರು ಬರದಿದ್ರೆ ಎರಡು ದಿನ ಚಿಲ್ಲರೆಯಲ್ಲಿ ಎಲ್ಲರಿಗೂ. ಕ್ರ್ಯಾಶ್ ವರದಿ ಜಾಸ್ತಿಯಾದ್ರೆ ಅಲ್ಲೇ ನಿಲ್ಲಿಸ್ತಾರೆ. ನಿಮ್ಮ ಸರದಿ ಯಾವಾಗ ಅನ್ನೋದು ಮೆಷಿನ್-ಐಡಿ (ಪ್ರತಿ ಯಂತ್ರಕ್ಕೂ ಇರೋ ಬೇರೆ ಗುರುತು) ಜೊತೆ ಪ್ಯಾಕೇಜಿನ ಹೆಸರು, ಆವೃತ್ತಿ ಸೇರಿಸಿ ಲೆಕ್ಕ ಹಾಕೋದು. ಹಾಗಾಗಿ ಪ್ರತಿ ಸಲ ನೀವೇ ಕೊನೆಯಲ್ಲಿ ಇರಲ್ಲ.

"ಆಪ್ಟ್ ಪಾಲಿಸಿ" ಕೊಟ್ರೆ ಆವೃತ್ತಿಯ ಪಕ್ಕ "ಫೇಸ್ಡ್ 20%" ಅಂತ ಕಾಣುತ್ತೆ. ಸೆಕ್ಯುರಿಟಿ ಪಾಕೆಟ್‌ನಿಂದ ಬರೋದಕ್ಕೆ ಈ ಸರದಿ ಇಲ್ಲ, ಒಮ್ಮೆಗೇ ಎಲ್ಲರಿಗೂ. ಅದಕ್ಕೇ ಹೇಳ್ತೇನೆ, ಆ ಯಂತ್ರವನ್ನ ಹಾಗೇ ಬಿಡಿ.

ಒಂದು ಕಡೆ ಮಾತ್ರ ತೊಂದರೆ: ಒಂದೇ ಥರದ ಹತ್ತು ಸರ್ವರಲ್ಲಿ ಕೆಲವಕ್ಕೆ ಹೊಸದು, ಕೆಲವಕ್ಕೆ ಹಳೇದು ಬಂದು ಗೊಂದಲ ಆಗುತ್ತೆ. ಆಗ ಆಪ್ಟ್ ಸೆಟ್ಟಿಂಗಲ್ಲಿ "ಆಲ್ವೇಸ್-ಇನ್‌ಕ್ಲೂಡ್-ಫೇಸ್ಡ್-ಅಪ್‌ಡೇಟ್ಸ್" ಅಥವಾ "ನೆವರ್-ಇನ್‌ಕ್ಲೂಡ್..." ಯಾವುದಾದ್ರೂ ಒಂದನ್ನ ಎಲ್ಲಾ ಯಂತ್ರಕ್ಕೂ ಒಂದೇ ಥರ ಹಾಕಿ. ಅಪ್ಪಿತಪ್ಪಿಯೂ ಒಂದು ಸರ್ವರ್ ಇಮೇಜಿನಿಂದ ಮೆಷಿನ್-ಐಡಿ ಸಮೇತ ಹತ್ತು ಪ್ರತಿ ಮಾಡಬೇಡಿ.

ಪುಟ್ಟಣ್ಣನ_ಅಂಗಡಿ

ನನ್ನದು ಡೆಬಿಯನ್ 12. ಲಿಬ್ರೆಆಫೀಸ್ 7.4 ಇದೆ, ಹೊಸದು ಬೇಕು. ಸಿಡ್ ಬೇಡ ಅಂದ್ರೆ ಏನು ಮಾಡ್ಲಿ?

ಮಲೆನಾಡು64

ಬ್ಯಾಕ್‌ಪೋರ್ಟ್ಸ್. ಮುಂದಿನ ಬಿಡುಗಡೆಯ ಪ್ಯಾಕೇಜನ್ನ ನಿಮ್ಮ ಬಿಡುಗಡೆಯ ಲೈಬ್ರರಿಗಳ ಮೇಲೆ ಮತ್ತೆ ಕಟ್ಟಿದ್ದು. ಸೋರ್ಸಸ್‌ಗೆ "ಬುಕ್‌ವರ್ಮ್-ಬ್ಯಾಕ್‌ಪೋರ್ಟ್ಸ್" ಸಾಲು ಹಾಕಿ, ಆಪ್ಟ್ ಅಪ್‌ಡೇಟ್ ಮಾಡಿ, "ಆಪ್ಟ್ ಪಾಲಿಸಿ"ಯಲ್ಲಿ ಬೇಕಾದ್ದು ಇದ್ಯಾ ನೋಡಿ. ಇದ್ರೆ "ಆಪ್ಟ್ ಇನ್‌ಸ್ಟಾಲ್ ಹೈಫನ್ ಟಿ ಬುಕ್‌ವರ್ಮ್-ಬ್ಯಾಕ್‌ಪೋರ್ಟ್ಸ್" ಮುಂದೆ ಹೆಸರು. ಆ ರಿಪೊದ ಪಿನ್ ಆದ್ಯತೆ (ಯಾವ ರಿಪೊದ್ದನ್ನ ಆಪ್ಟ್ ಮೊದಲು ಆರಿಸಬೇಕು ಅನ್ನೋ ಅಂಕ) 100, ಸಾಮಾನ್ಯ ರಿಪೊಗೆ 500. ಅದಕ್ಕೇ ಸಾಲು ಹಾಕಿದ ಮಾತ್ರಕ್ಕೆ ಏನೂ ತಾನಾಗಿ ಬರಲ್ಲ. ಒಮ್ಮೆ ಅಲ್ಲಿಂದ ತಂದದ್ದಕ್ಕೆ ಮಾತ್ರ ಮುಂದಿನ ಅಪ್‌ಡೇಟೂ ಅಲ್ಲಿಂದಲೇ ಬರುತ್ತೆ. ಡೆಬಿಯನ್ ಸೆಕ್ಯುರಿಟಿ ತಂಡ ಬ್ಯಾಕ್‌ಪೋರ್ಟ್ಸ್ ನೋಡ್ಕೊಳ್ಳಲ್ಲ ಅನ್ನೋದು ನೆನಪಿರಲಿ. ಅದಕ್ಕೇ ಒಂದೆರಡು ಪ್ಯಾಕೇಜಿಗೆ ಸಾಕು, ಇಡೀ ಯಂತ್ರಕ್ಕೆ ಬೇಡ.

ಅಲ್ಲಿ ಇಲ್ಲದಿದ್ರೆ ನೀವೇ ಕಟ್ಟಬಹುದು. ಡೆಬ್-ಸೋರ್ಸ್ ಸಾಲಲ್ಲಿ 13ರದ್ದು ಹಾಕಿ, "ಆಪ್ಟ್ ಸೋರ್ಸ್" ಮಾಡಿ, "ಆಪ್ಟ್ ಬಿಲ್ಡ್-ಡೆಪ್" ಮಾಡಿ, ಫೋಲ್ಡರ್ ಒಳಗೆ ಹೋಗಿ ಡಿಸಿಎಚ್‌ಗೆ ಬಿಪಿಒ ಆಯ್ಕೆ ಕೊಟ್ಟು ಆಮೇಲೆ ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್. ಡಿಸಿಎಚ್ ಸಂಖ್ಯೆಗೆ ~ಬಿಪಿಒ12+1 ಅಂತ ಬಾಲ ಸೇರಿಸುತ್ತೆ. ಆ ~ ಚಿಹ್ನೆ ಬಹಳ ಮುಖ್ಯ: ಅದಿರೋ ಸಂಖ್ಯೆ ಅದಿಲ್ಲದ್ದಕ್ಕಿಂತ ಚಿಕ್ಕದು ಅಂತ ಲೆಕ್ಕ. ನಾಳೆ 13ಕ್ಕೆ ಹೋದಾಗ ಅಲ್ಲಿನ ಅಸಲಿ ಪ್ಯಾಕೇಜು ನಿಮ್ಮದರ ಮೇಲೆ ಸಲೀಸಾಗಿ ಕೂರುತ್ತೆ. ಬರೀ +1 ಅಂತ ಹಾಕಿದ್ರೆ ನಿಮ್ಮದೇ ದೊಡ್ಡದಾಗಿ ಅಲ್ಲೇ ಕಚ್ಚಿಕೊಳ್ಳುತ್ತೆ. ಸಣ್ಣ ಪ್ಯಾಕೇಜಿಗೆ ಇದು ಸರಿ. ಲಿಬ್ರೆಆಫೀಸ್‌ನಷ್ಟು ದೊಡ್ಡದನ್ನ ಮನೆಯಲ್ಲಿ ಕಟ್ಟೋ ಬದಲು ಫ್ಲ್ಯಾಟ್‌ಪ್ಯಾಕ್ (ತನಗೆ ಬೇಕಾದ ಲೈಬ್ರರಿಗಳನ್ನ ತಾನೇ ಹೊತ್ತು ಬರೋ ಪ್ಯಾಕೇಜು) ಹಾಕಿಕೊಳ್ಳಿ.

ಅಕ್ಷರಪ್ರಿಯೆ

ವಿಷಯ ಸ್ವಲ್ಪ ಆಚೆ ಹೋಗ್ತೀನಿ. ಫ್ಲ್ಯಾಟ್‌ಪ್ಯಾಕ್ ಆಫೀಸಲ್ಲಿ, ಡೆಬಿಯನ್ ಆಫೀಸಲ್ಲಿ ಒಂದೇ ಕನ್ನಡ ಫಾಂಟು ಬೇರೆಬೇರೆ ಥರ ಕಂಡ್ರೆ ಗಾಬರಿಯಾಗಿ ಫಾಂಟಿನ ಅಪ್‌ಡೇಟ್ ಹುಡುಕಬೇಡಿ. ಒತ್ತಕ್ಷರ, ಅರ್ಕಾವತ್ತು ಜೋಡಿಸೋದು ಹಾರ್ಫ್‌ಬಝ್ ಅನ್ನೋ ಲೈಬ್ರರಿ. ಫ್ಲ್ಯಾಟ್‌ಪ್ಯಾಕ್ ಡೆಬಿಯನ್‌ನ ಹಾರ್ಫ್‌ಬಝ್ ಬಳಸಲ್ಲ, ಫೈರ್‌ಫಾಕ್ಸ್ ತನ್ನೊಳಗೇ ಒಂದು ಇಟ್ಕೊಂಡಿರುತ್ತೆ. ಮೂರೂ ಬೇರೆ ಆವೃತ್ತಿ. ಲಿಬ್‌ಹಾರ್ಫ್‌ಬಝ್-ಬಿನ್ ಹಾಕಿ ಎಚ್‌ಬಿ-ವ್ಯೂಗೆ ಫಾಂಟ್ ಕಡತ ಕೊಟ್ಟು "ಕಾರ್ಯ" ಅಂತ ಬರೆಸಿ ನೋಡಿ, ತಪ್ಪು ಫಾಂಟಿನದ್ದೋ ಜೋಡಿಸೋದರದ್ದೋ ಗೊತ್ತಾಗುತ್ತೆ.

ಫಾಂಟ್ಸ್-ಗುಬ್ಬಿ, ಫಾಂಟ್ಸ್-ನವಿಲು ಪ್ಯಾಕೇಜುಗಳು ಅಪರೂಪಕ್ಕೆ ಬದಲಾಗ್ತವೆ. ಅದು ಡೆಬಿಯನ್‌ನ ತಡ ಅಂತ ತಿಳ್ಕೋಬೇಡಿ. ಮೂಲದಲ್ಲಿ ಹೊಸ ಬಿಡುಗಡೆ ಇಲ್ಲದಿದ್ರೆ ಪ್ಯಾಕ್ ಮಾಡೋರು ಏನು ತರ್ತಾರೆ?

ಕಟ್ಟೆಯವಳು

ಸರಿಯಾದ ಮಾತು. ಉಲ್ಟಾನೂ ಆಗುತ್ತೆ: ಮೂಲದಲ್ಲಿ ಹೊಸದು ಬಂದಿದ್ರೂ ಮೇಂಟೇನರ್‌ಗೆ ಗೊತ್ತೇ ಆಗಿರಲ್ಲ. ಪ್ಯಾಕೇಜಿನೊಳಗೆ ವಾಚ್ ಅಂತ ಒಂದು ಕಡತ ಇರುತ್ತೆ, ಯುಸ್ಕ್ಯಾನ್ ಅದನ್ನ ಓದಿ ಮೂಲದ ಡೌನ್‌ಲೋಡ್ ಪುಟ ನೋಡುತ್ತೆ. ಯೋಜನೆಯವರು ಪುಟದ ವಿಳಾಸ ಬದಲಿಸಿದ್ರೆ ಅಥವಾ ಕಡತದ ಹೆಸರು ಇಡೋ ಕ್ರಮ ಬದಲಿಸಿದ್ರೆ ವಾಚ್ ಕುರುಡಾಗುತ್ತೆ. ಸೋರ್ಸ್ ತಂದು ಯುಸ್ಕ್ಯಾನ್ ಓಡಿಸಿ, ವಾಚ್ ಸಾಲು ತಿದ್ದಿ, ಡೆಬಿಯನ್‌ನ ಕೋಡ್ ತಾಣ ಸಾಲ್ಸಾದಲ್ಲಿ ಮರ್ಜ್ ರಿಕ್ವೆಸ್ಟ್ ಕೊಡಿ. ಹೊಸಬರು ಶುರು ಮಾಡೋಕೆ ಇದಕ್ಕಿಂತ ಸಣ್ಣ, ಇದಕ್ಕಿಂತ ಉಪಯೋಗದ ಕೆಲಸ ನನಗೆ ಕಾಣಲ್ಲ. "ಹೊಸ ಆವೃತ್ತಿ ಬಂದಿದೆ" ಅಂತ ಬಗ್ ಬರೆಯೋದಾದ್ರೆ ಮಟ್ಟ ವಿಶ್‌ಲಿಸ್ಟ್ ಇರಲಿ, ಬಿಡುಗಡೆಯಾದ ದಿನವೇ ಬರೀಬೇಡಿ.

ಮೇಂಟೇನರ್ ಕಾಣೆಯಾಗಿದ್ರೆ ಅದಕ್ಕೂ ಕ್ರಮ ಇದೆ: ಇಂಟೆಂಟ್ ಟು ಸ್ಯಾಲ್ವೇಜ್ ಅಂತ ಬಗ್ ಬರೆದು 21 ದಿನ ಕಾದು, ಯಾರೂ ಬೇಡ ಅನ್ನದಿದ್ರೆ ಪ್ಯಾಕೇಜನ್ನ ವಹಿಸಿಕೊಳ್ಳಬಹುದು.

ರಸ್ಟ್ ಭಾಷೆಯ ಪ್ರೋಗ್ರಾಮು ತಡ ಆಗೋದು ಬೇರೆ ಕಾರಣಕ್ಕೆ. ಒಂದು ಸಣ್ಣ ಆಜ್ಞೆ ನೂರಾರು ಕ್ರೇಟ್ (ರಸ್ಟ್ ಲೈಬ್ರರಿ) ಎಳೆಯುತ್ತೆ. ಡೆಬಿಯನ್‌ನಲ್ಲಿ ಪ್ರತಿ ಕ್ರೇಟೂ ಬೇರೆ ಪ್ಯಾಕೇಜು, ಇಲ್ಲದ್ದು ಪ್ರತಿಯೊಂದೂ ನ್ಯೂ ಸರದಿಯಲ್ಲಿ ನಿಲ್ಲಬೇಕು.

ಧಾರವಾಡದ_ಮಂದಿ

ಮಿರರ್ (ಆರ್ಕೈವ್‌ನ ಪ್ರತಿ ಇಟ್ಟಿರೋ ಸರ್ವರ್) ಬಗ್ಗೆ ಯಾರೂ ಹೇಳಿಲ್ಲ ನೋಡ್ರಿ. ಡೆಬಿಯನ್ ಆರ್ಕೈವ್ ದಿನಕ್ಕ ನಾಕ ಸಲ ಹೊಸದಾಗತೈತಿ. ನೀವು ಹಾಕ್ಕೊಂಡ ಮಿರರ್ ಎಳಕೊಳ್ಳೋದು ನಿಲ್ಲಿಸಿದ್ರ ಆಪ್ಟ್ ಏನೂ ತಪ್ಪು ಹೇಳಂಗಿಲ್ಲ, ಹೊಸದು ಇಲ್ಲ ಅಂತ ಸುಮ್ಮನ ಕುಂದರತೈತಿ. ವಾರ್ ಲಿಬ್ ಆಪ್ಟ್ ಲಿಸ್ಟ್ಸ್ ಒಳಗ ಇನ್‌ರಿಲೀಸ್ ಕಡತ ತಗದು "ಡೇಟ್" ಸಾಲು ನೋಡ್ರಿ. ಟೆಸ್ಟಿಂಗ್, ಸಿಡ್‌ಗೆ "ವ್ಯಾಲಿಡ್-ಅಂಟಿಲ್" ಸಾಲೂ ಇರತೈತಿ, ಏಳ ದಿನಾ ದಾಟಿದ್ರ ಆಪ್ಟ್ ಒದರತೈತಿ. ಆದ್ರ "ನಾಟ್ ವ್ಯಾಲಿಡ್ ಯೆಟ್" ಅಂದ್ರ ಮಿರರ್ ತಪ್ಪಲ್ಲ, ನಿಮ್ಮ ಗಡಿಯಾರ ಹಿಂದ ಐತಿ ಅಂತ ತಿಳೀರಿ.

ಹೊಸಗದ್ದೆ

ಎಲ್ಲಾ ನೋಡಿ ಬಂದೆ.

ಲೈಬ್ರರಿ: ಎಕ್ಸ್‌ಕ್ಯೂಸಸ್‌ನಲ್ಲಿ ಬೇರೆ ಪ್ಯಾಕೇಜಿನ ಹೆಸರು, ಎಸ್390ಎಕ್ಸ್ ರಿಗ್ರೆಶನ್. ಕಟ್ಟೆಯವಳು ಹೇಳಿದ ಹಾಗೇ. ಆ ಇನ್ನೊಂದರ ಬಗ್ ಪುಟದಲ್ಲಿ ಆಗಲೇ ಪ್ಯಾಚ್ ಬಿದ್ದಿದೆ, ಕಾಯ್ತೀನಿ.

ಸರ್ವರ್: ಎಸ್‌ಎಸ್‌ಎಚ್ ಮೂರರಲ್ಲೂ ಯು3 ದಾಟಿದೆ. ಕರ್ಲ್ ಎರಡರಲ್ಲಿ ಯು12, ಚೇಂಜ್‌ಲಾಗಲ್ಲಿ 38545 ಇದೆ. ಮೂರನೇದರಲ್ಲಿ ಕರ್ಲ್, ಲಿಬ್‌ಕರ್ಲ್4 ಎರಡೂ ಯು3. ಮಿರರ್ ಒಂದೇ, ಡೇಟ್ ಸಾಲು ಇವತ್ತಿನದ್ದೇ.

ಕಡಲತಡಿ

ನೀವು ಮೊದಲೇ ಬರೆದಿದ್ರಿ, ಮೂರನೇದರಲ್ಲಿ "2 ನಾಟ್ ಅಪ್‌ಗ್ರೇಡೆಡ್" ಅಂತ. ನಾವ್ಯಾರೂ ಅದನ್ನ ಹಿಡೀಲಿಲ್ಲ. "ಆಪ್ಟ್-ಮಾರ್ಕ್ ಶೋಹೋಲ್ಡ್" ಕೊಡಿ.

ಹೊಸಗದ್ದೆ

ಲಿಬ್‌ಕರ್ಲ್4 ಅಂತ ಬಂತು!

ಟರ್ಮಿನಲ್_ಮಾವ

ಯಾವತ್ತೋ ಯಾರೋ ಹೋಲ್ಡ್ ಹಾಕಿದ್ದಾರೆ, ಅಂದ್ರೆ ಅದನ್ನ ಮೇಲೆತ್ತಬೇಡ ಅಂತ ಆಪ್ಟ್‌ಗೆ ಹೇಳಿಟ್ಟಿದ್ದಾರೆ. ಕರ್ಲ್ ಪ್ಯಾಕೇಜು ಅದೇ ಸಂಖ್ಯೆಯ ಲಿಬ್‌ಕರ್ಲ್4 ಕೇಳುತ್ತೆ, ಅದಕ್ಕೇ ಅದೂ ಜೊತೆಗೆ ನಿಂತಿದೆ. ಮೂರು ಸರ್ವರ್‌ಗಳ ಕೆಂಪಿನಲ್ಲಿ ಅಸಲಿ ತೂತು ಇದೊಂದೇ.

"ಆಪ್ಟ್-ಮಾರ್ಕ್ ಅನ್‌ಹೋಲ್ಡ್ ಲಿಬ್‌ಕರ್ಲ್4" ಮಾಡೋ ಮೊದಲು ಎಟ್ಸಿ ಆಪ್ಟ್ ಪ್ರಿಫರೆನ್ಸಸ್ ಡಾಟ್ ಡಿ ಒಳಗೂ ಕಣ್ಣು ಹಾಯಿಸಿ, ಅಲ್ಲೂ ಪಿನ್ ಇರಬಹುದು. ಹೋಲ್ಡ್ ಯಾಕೆ ಹಾಕಿದ್ರು ಅಂತ ಆ ಸರ್ವರ್ ನೋಡ್ಕೊಳ್ಳೋರನ್ನ ಕೇಳಿ. ಆಮೇಲೆ "ಆಪ್ಟ್ ಅಪ್‌ಗ್ರೇಡ್"ಗೆ ಸಿಮ್ಯುಲೇಟ್ ಆಯ್ಕೆ ಕೊಟ್ಟು ಎರಡೇ ಪ್ಯಾಕೇಜು ಬರ್ತವೆ ಅಂತ ಖಾತ್ರಿ ಮಾಡ್ಕೊಂಡು ನಿಜವಾಗಿ ಓಡಿಸಿ.

ಹೊಸಗದ್ದೆ

ಪಿನ್ ಏನೂ ಇರಲಿಲ್ಲ. ಅನ್‌ಹೋಲ್ಡ್ ಮಾಡಿದೆ, ಎರಡೂ ಮೇಲೆ ಬಂದವು. ನೀಡ್‌ರೀಸ್ಟಾರ್ಟ್ ಪಿಎಚ್‌ಪಿ-ಎಫ್‌ಪಿಎಮ್ ತೋರಿಸ್ತಿದೆ, ಹಗಲಲ್ಲೇ ರೀಸ್ಟಾರ್ಟ್ ಮಾಡಬಹುದಾ?

ಕಡಲತಡಿ

ರೀಲೋಡ್ ಸಾಲಬಹುದು ಅಂತ ನಂಬಿ ಕೂರಬೇಡಿ, ಪೂರ್ತಿ ರೀಸ್ಟಾರ್ಟೇ ಮಾಡಿ. ಜನ ಕಡಿಮೆ ಇರೋ ಹೊತ್ತಲ್ಲಿ. ಆದಮೇಲೆ "ಎಲ್‌ಎಸ್‌ಒಎಫ್" ಹಾಕಿ ಲಿಬ್‌ಕರ್ಲ್ ಪಕ್ಕ "ಡಿಲೀಟೆಡ್" ಅಥವಾ "ಡಿಇಎಲ್" ಅಂತ ಯಾವ ಪ್ರಾಸೆಸ್‌ನಲ್ಲೂ ಉಳಿದಿಲ್ಲ ಅಂತ ನೋಡಿ.